ಹುಡುಗಿಯನ್ನು ತಿದ್ದುವುದೋ, ತರಗತಿಯನ್ನು ತಿದ್ದುವುದೋ

2020ರ ಹೊತ್ತಿಗೆ ಕಂಪ್ಯೂಟರ್ ಕ್ಷೇತ್ರದಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅನಿತಾ ಬೋರ್ಗ್ ಇಟ್ಟುಕೊಂಡಿದ್ದ ಗುರಿ. 2003ರಲ್ಲಿ ಮಿದುಳಿನ ಗೆಡ್ಡೆಯಿಂದ ಅವರು ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಅವರದೇ ಹೆಸರಿನಲ್ಲಿ ದೊಡ್ಡದಾಗಿ ಬೆಳೆಯಿತು. ಅದರ ಜೊತೆಜೊತೆಗೇ ಅಮೆರಿಕದಲ್ಲಿ ಇಂಥವೇ ಹತ್ತಾರು ಸಂಸ್ಥೆಗಳು ಹುಟ್ಟಿಕೊಂಡವು. 2020 ಬಂದಾಗ ಆ ದೇಶದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಮಹಿಳೆಯರ ಪಾಲು ಶೇ 21ರ ಆಸುಪಾಸಿನಲ್ಲಿತ್ತು. 1984ರಲ್ಲಿ ಅದು ಶೇ 37 ಇತ್ತು. ಇಂಥ ಸಂಸ್ಥೆಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹೆಚ್ಚಿದ್ದ ಸಂಖ್ಯೆ, ಅವು ಊರೂರಿಗೆ ಹಬ್ಬಿದ ಮೇಲೆ ಕುಸಿದಿದೆ.

ಈ ಕುಸಿತದ ಹೊಣೆಯನ್ನು ಸಂಸ್ಥೆಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಮನೆಗೆ ಬಂದಾಗ ಅದನ್ನು ಹುಡುಗರ ಆಟಿಕೆಯೆಂದು ಮಾರಿದ್ದು ಕಂಪನಿಗಳು. ಮಗನ ಕೋಣೆಯಲ್ಲಿ ತಂದಿಟ್ಟದ್ದು ಅಪ್ಪ ಅಮ್ಮ. ಆದರೂ ನಾಲ್ಕು ದಶಕಗಳ ದುಡಿಮೆಯನ್ನು ತೂಗಿ ನೋಡುವ ಹಕ್ಕು ನಮಗಿದೆ. ಯಾವ ಕೆಲಸ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ? ಈ ಪ್ರಶ್ನೆ ನಮಗೂ ಮುಖ್ಯ. ಏಕೆಂದರೆ ಅಮೆರಿಕದ ಆ ಮಾದರಿಗಳು ಬೆಂಗಳೂರಿಗೆ ಬಂದು ಹದಿನೈದು ವರ್ಷ ದಾಟಿದೆ.

ಬೋರ್ಗ್ ಮೊದಲು ಕಟ್ಟಿದ ಬಳಗದಿಂದಲೇ ಶುರು ಮಾಡುತ್ತೇನೆ. ಅವರು ಒಂದು ಸಣ್ಣ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತ ತಾವೇ ಪ್ರೋಗ್ರಾಮಿಂಗ್ ಕಲಿತವರು. 1981ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆಪರೇಟಿಂಗ್ ಸಿಸ್ಟಮ್ ಅವರ ವಿಷಯ. 1987ರಲ್ಲಿ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಅದೇ ವಿಷಯದ ಸಮ್ಮೇಳನಕ್ಕೆ ಹೋದಾಗ, ಅಷ್ಟು ದೊಡ್ಡ ಸಭೆಯಲ್ಲಿ ಇದ್ದ ಕೆಲವೇ ಹೆಂಗಸರು ಒಬ್ಬರಿಗೊಬ್ಬರು ಸಿಕ್ಕಿದ್ದು ಮಹಿಳೆಯರ ಶೌಚಾಲಯದಲ್ಲಿ. ಅಲ್ಲಿಂದ ಮಾತು ಬೆಳೆದು ಊಟದ ಮೇಜಿಗೆ ಬಂತು. ಬೋರ್ಗ್ ಅವರೆಲ್ಲರ ಇ-ಮೇಲ್ ವಿಳಾಸ ಬರೆದುಕೊಂಡರು. ‘ಸಿಸ್ಟರ್ಸ್’ ಎಂಬ ಬಳಗ ಹುಟ್ಟಿದ್ದು ಹಾಗೆ.

ಆ ಬಳಗದ ಗುಣ ಅದರ ಸರಳತೆಯಲ್ಲಿತ್ತು. ತನ್ನ ಇಡೀ ವಿಭಾಗದಲ್ಲಿ ತಾನೊಬ್ಬಳೇ ಹೆಣ್ಣು ಎಂಬ ಸ್ಥಿತಿಯಲ್ಲಿದ್ದ ಎಂಜಿನಿಯರ್, ಮೀಟಿಂಗಿನಲ್ಲಿ ತನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂದಾಗ, ಇದು ನನ್ನೊಬ್ಬಳ ಅನುಭವವೋ ಎಲ್ಲರದೋ ಎಂದು ಕೇಳಬಹುದಾದ ಜಾಗ ಅದು. ಅಲ್ಲಿ ಪ್ರಾಯೋಜಕರ ಬ್ಯಾನರ್ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. 1992ರಲ್ಲಿ ಮಾತಾಡುವ ಬಾರ್ಬಿ ಗೊಂಬೆಯೊಂದು ಗಣಿತದ ಕ್ಲಾಸು ಕಷ್ಟ ಎಂದು ಉಲಿಯತೊಡಗಿದಾಗ ಪ್ರತಿಭಟಿಸಿದವರಲ್ಲಿ ಈ ಬಳಗವೂ ಒಂದು. ತಯಾರಕರು ಆ ಮಾತನ್ನು ಗೊಂಬೆಯ ಬಾಯಿಂದ ತೆಗೆದರು. ಸಣ್ಣ ಗೆಲುವು ಅನ್ನಿಸಬಹುದು. ಆದರೆ ಇಲ್ಲಿ ಬದಲಾದದ್ದು ಯಾರು ಎಂಬುದನ್ನು ಗಮನಿಸಬೇಕು. ಗೊಂಬೆ ಹಿಡಿದ ಹುಡುಗಿಗೆ ಧೈರ್ಯ ತಂದುಕೋ ಎಂದು ಯಾರೂ ಉಪದೇಶ ಮಾಡಲಿಲ್ಲ. ಬದಲಾಗಬೇಕಾದವರು ಬದಲಾದರು.

1994ರಲ್ಲಿ ಬೋರ್ಗ್ ಮತ್ತು ಟೆಲ್ ವಿಟ್ನಿ ಸೇರಿ ವಾಷಿಂಗ್ಟನ್‌ನಲ್ಲಿ ‘ಗ್ರೇಸ್ ಹಾಪರ್ ಸೆಲೆಬ್ರೇಷನ್’ ಎಂಬ ಸಮ್ಮೇಳನ ಆರಂಭಿಸಿದರು. ಅದಕ್ಕೆ ಎರಡು ವರ್ಷ ಮುಂಚೆ ತೀರಿಕೊಂಡಿದ್ದ ಗ್ರೇಸ್ ಹಾಪರ್, ಕಂಪೈಲರ್ ಎಂಬ ಕಲ್ಪನೆಗೆ ರೂಪ ಕೊಟ್ಟ ಮೊದಲಿಗರಲ್ಲಿ ಒಬ್ಬರು. ಜೊತೆಗೆ ದೊಡ್ಡ ಮೇಷ್ಟರು. ವಿದ್ಯುತ್ ಸಂಕೇತ ಒಂದು ನ್ಯಾನೊಸೆಕೆಂಡಿನಲ್ಲಿ ಎಷ್ಟು ದೂರ ಹೋಗಬಲ್ಲದು ಎಂದು ತೋರಿಸಲು ಅಡಿಗಿಂತ ಚೂರು ಕಡಿಮೆ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಕೈಗೆ ಕೊಡುವ ಅಂಥ ಪಾಠ ನಮ್ಮ ಎಷ್ಟು ತರಗತಿಗಳಲ್ಲಿದೆ?

ಅವರ ಹೆಸರಿನ ಆ ಮೊದಲ ಸಮ್ಮೇಳನಕ್ಕೆ ಬಂದವರು ಸುಮಾರು 500 ಮಂದಿ. 2023ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ನಡೆದಾಗ ಸೇರಿದ್ದವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಬೆಳವಣಿಗೆ ದೊಡ್ಡದು. ಆದರೆ ಬೆಳೆಯುತ್ತ ಬೆಳೆಯುತ್ತ ಅದರ ಸ್ವಭಾವ ಬದಲಾಯಿತು. ತಾಂತ್ರಿಕ ಉಪನ್ಯಾಸ, ಸಂಶೋಧನಾ ಪ್ರಬಂಧಗಳು ಈಗಲೂ ಇವೆ. ಆದರೆ ಜನಜಂಗುಳಿ ಇರುವುದು ಉದ್ಯೋಗ ಮೇಳದ ಸಭಾಂಗಣದಲ್ಲಿ. ಗೂಗಲ್, ಮೈಕ್ರೊಸಾಫ್ಟ್, ಅಮೆಜಾನ್‌ನಂಥ ಕಂಪನಿಗಳ ಮಳಿಗೆಗಳ ಮುಂದೆ ರೆಸ್ಯೂಮೆ ಹಿಡಿದು ಸಾಲು ನಿಲ್ಲುವುದೇ ಬಹುತೇಕ ವಿದ್ಯಾರ್ಥಿನಿಯರ ಪಾಲಿಗೆ ಈ ಹಬ್ಬದ ಅರ್ಥ. 2022ರ ಕೊನೆಯಿಂದ ದೊಡ್ಡ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದವಲ್ಲ, ಅದರ ಮರುವರ್ಷ ಒರ್ಲಾಂಡೊದ ಆ ಸಾಲುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಗಂಡಸರೇ ನಿಂತಿದ್ದರು. ಕೆಲವರು ನೋಂದಣಿಯಲ್ಲಿ ಲಿಂಗದ ಬಗ್ಗೆ ಸುಳ್ಳು ಬರೆದಿದ್ದರು ಎಂದು ಸಂಘಟಕರೇ ವೇದಿಕೆಯ ಮೇಲೆ ಹೇಳಬೇಕಾಯಿತು. 600 ಡಾಲರಿಗೂ ಹೆಚ್ಚು ಕೊಟ್ಟು ಟಿಕೆಟ್ ಕೊಂಡು ಬಂದ ಹುಡುಗಿಯರು ಗಂಟೆಗಟ್ಟಲೆ ಕಾದು, ನೂಕುನುಗ್ಗಲಿನಲ್ಲಿ ಬಳಲಿ, ಸಂದರ್ಶನ ಸಿಗದೆ ಹಿಂದಿರುಗಿದರು. ತಾರತಮ್ಯ ವಿರೋಧಿ ಕಾನೂನಿರುವುದರಿಂದ ಪುರುಷರನ್ನು ಹೊರಗಿಡುವಂತಿಲ್ಲ ಎಂಬುದು ಸಂಸ್ಥೆಯ ವಿವರಣೆ.

ಹಾಗೆ ನುಗ್ಗಿದವರ ನಡತೆ ಸಣ್ಣತನದ್ದೇ. ಆದರೆ ತಪ್ಪಿನ ಬೇರು ಇನ್ನೂ ಆಳದಲ್ಲಿದೆ. ಮಹಿಳೆಯರಿಗಾಗಿ ಇರುವ ಒಂದು ಸಂಸ್ಥೆಯ ಅತಿ ದೊಡ್ಡ ಆಸ್ತಿ ಕಂಪನಿಗಳ ಮಳಿಗೆ ಸಾಲು ಆಗಿಬಿಟ್ಟರೆ, ಕೆಲಸ ಕೊಡುವವರು ಇದ್ದಲ್ಲಿಗೆ ಕೆಲಸ ಬೇಕಾದವರೆಲ್ಲ ಬಂದೇ ಬರುತ್ತಾರೆ. ಮೇಳದ ಹೊರಗೆ ಕಂಪನಿಗಳು ವರ್ಷವಿಡೀ ಹೇಗೆ ನೇಮಕ ಮಾಡಿಕೊಳ್ಳುತ್ತವೆ, ಯಾರಿಗೆ ಬಡ್ತಿ ತಪ್ಪಿಸುತ್ತವೆ ಎಂದು ಕೇಳುವ ಬಾಯಿ, ಆ ಕಂಪನಿಗಳದೇ ಹಣದಿಂದ ಮೇಳ ನಡೆಸುವಾಗ ತಂತಾನೇ ಮೆತ್ತಗಾಗುತ್ತದೆ.

2014ರ ಅಕ್ಟೋಬರಿನ ಪ್ರಸಂಗ ಇದಕ್ಕೆ ಅಪವಾದ. ಆ ವರ್ಷ ಫೀನಿಕ್ಸ್ ನಗರದಲ್ಲಿ ಇದೇ ಸಮ್ಮೇಳನ. ವೇದಿಕೆಯಲ್ಲಿ ಮೈಕ್ರೊಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. ಪ್ರಶ್ನೆ ಕೇಳುತ್ತಿದ್ದವರು ಆಗ ಹಾರ್ವೆ ಮಡ್ ಕಾಲೇಜಿನ ಅಧ್ಯಕ್ಷೆಯಾಗಿದ್ದ ಮರಿಯಾ ಕ್ಲಾವೆ, ಆಗ ಮೈಕ್ರೊಸಾಫ್ಟ್ ಆಡಳಿತ ಮಂಡಳಿಯ ಸದಸ್ಯೆ ಕೂಡ. ಸಂಬಳ ಹೆಚ್ಚಿಸಿ ಎಂದು ಕೇಳಲು ಹಿಂಜರಿಯುವ ಮಹಿಳೆಯರಿಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆಗೆ ನಾದೆಲ್ಲ, ಕೇಳುವುದಕ್ಕಿಂತ ವ್ಯವಸ್ಥೆ ತಾನಾಗಿ ಸರಿಯಾದುದನ್ನು ಕೊಡುತ್ತದೆಂದು ನಂಬುವುದೇ ಮೇಲು, ಕೇಳದಿರುವುದು ಒಳ್ಳೆಯ ಕರ್ಮ ಎಂಬರ್ಥದ ಉತ್ತರ ಕೊಟ್ಟರು. ಕ್ಲಾವೆ ಅಲ್ಲೇ, ಅಷ್ಟು ಜನರ ಎದುರೇ, ಒಪ್ಪಲಾರೆ ಎಂದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೀನ್ ಹುದ್ದೆಗೆ ಸೇರುವಾಗ ತಾವೇ ಸಂಬಳದ ಮಾತು ಗಟ್ಟಿಯಾಗಿ ಆಡದೆ ಕಡಿಮೆಗೆ ಒಪ್ಪಿಕೊಂಡದ್ದನ್ನು ಹೇಳಿಕೊಂಡರು. ನಾದೆಲ್ಲ ಅಂದೇ ತಮ್ಮ ಸಿಬ್ಬಂದಿಗೆ ಪತ್ರ ಬರೆದು, ತಮ್ಮ ಉತ್ತರ ಪೂರ್ತಿ ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಆ ಒಂದು ಗಂಟೆ ಇಡೀ ಸಮ್ಮೇಳನದ ಚರಿತ್ರೆಯಲ್ಲೇ ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ. ಅಧಿಕಾರದಲ್ಲಿರುವವರನ್ನು ಕೂರಿಸಿ ಸಂಬಳದ ಬಗ್ಗೆ ನೇರವಾಗಿ ಕೇಳಿದ, ಉತ್ತರ ಸರಿಯಿಲ್ಲದಾಗ ಸರಿಯಿಲ್ಲ ಎಂದ ಗಂಟೆ ಅದು. ಅಂಥವು ಹೆಚ್ಚಾಗಬೇಕಿತ್ತು.

ಕಂಪನಿಗಳ ದುಡ್ಡನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು 2024 ತೋರಿಸಿತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ‘ವಿಮೆನ್ ಹೂ ಕೋಡ್’ ಸಂಸ್ಥೆಗೆ 145 ದೇಶಗಳಲ್ಲಿ 3.6 ಲಕ್ಷ ಸದಸ್ಯರಿದ್ದರು. ಬೆಂಗಳೂರಿನಲ್ಲೂ ಅದರ ಬಳಗವಿತ್ತು. ಆ ಏಪ್ರಿಲ್‌ನಲ್ಲಿ ಹಣದ ಮೂಲಗಳು ಬತ್ತಿದವೆಂದು ಸಂಸ್ಥೆ ಬಾಗಿಲು ಹಾಕಿತು. ಕೆಲವೇ ತಿಂಗಳಲ್ಲಿ ‘ಗರ್ಲ್ಸ್ ಇನ್ ಟೆಕ್’ ಕೂಡ ಮುಚ್ಚಿತು. ಮೂರೂವರೆ ಲಕ್ಷ ಜನರ ಬಳಗ ಕೆಲವು ದೊಡ್ಡ ಕಂಪನಿಗಳ ಬಜೆಟ್ಟಿನ ಒಂದು ಸಾಲಿನ ಮೇಲೆ ನಿಂತಿತ್ತೆಂಬುದು ಮನಸ್ಸಿಗೆ ನೋವು ತರುವ ಸಂಗತಿ. ವಾರಾಂತ್ಯಗಳನ್ನು ಕೊಟ್ಟು ಊರೂರಲ್ಲಿ ಪಾಠ ಹೇಳಿದ ಸ್ವಯಂಸೇವಕಿಯರದು ಏನೂ ತಪ್ಪಿರಲಿಲ್ಲ.

ಇನ್ನು ಗೆದ್ದ ಪ್ರಯೋಗಗಳ ವಿಚಾರ. ಇವು ನಡೆದದ್ದು ಸಮ್ಮೇಳನದ ಸಭಾಂಗಣಗಳ ಹೊರಗೆ, ಕಾಲೇಜಿನ ತರಗತಿಗಳಲ್ಲಿ.

ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಹೊಸದಾಗಿ ಸೇರಿದವರಲ್ಲಿ ಹುಡುಗಿಯರು ಶೇ 7 ಮಾತ್ರ. 2000ದಲ್ಲಿ ಶೇ 42. ಐದೇ ವರ್ಷದಲ್ಲಿ ಇದು ಹೇಗಾಯಿತು? ಸಮಾಜ ವಿಜ್ಞಾನಿ ಜೇನ್ ಮಾರ್ಗೊಲಿಸ್ ಮತ್ತು ಅಲ್ಲಿನ ಸಹ ಡೀನ್ ಆಗಿದ್ದ ಆ್ಯಲನ್ ಫಿಶರ್ ಮೊದಲು ಮಾಡಿದ ಕೆಲಸ ಕೇಳಿಸಿಕೊಳ್ಳುವುದು. ನಾಲ್ಕು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು, ಹುಡುಗರು ಹುಡುಗಿಯರಿಬ್ಬರನ್ನೂ, ಮತ್ತೆ ಮತ್ತೆ ಮಾತಾಡಿಸಿದರು. 2002ರಲ್ಲಿ ಬಂದ ಅವರ ‘ಅನ್‌ಲಾಕಿಂಗ್ ದ ಕ್ಲಬ್‌ಹೌಸ್’ ಪುಸ್ತಕದಲ್ಲಿ ಆ ಮಾತುಗಳ ಸಾರವಿದೆ. ಹುಡುಗರಲ್ಲಿ ಅನೇಕರು ಚಿಕ್ಕಂದಿನಿಂದ ಯಂತ್ರದ ಜೊತೆ ಆಡಿಕೊಂಡು ಬಂದವರು. ಹುಡುಗಿಯರಿಗೂ ವಿಷಯದಲ್ಲಿ ಆಸಕ್ತಿಯಿತ್ತು, ಗಣಿತದಲ್ಲಿ ಒಳ್ಳೆಯ ಅಂಕವಿತ್ತು. ಆದರೆ ಮೊದಲ ಸೆಮಿಸ್ಟರಿನಲ್ಲೇ, ಪಕ್ಕದಲ್ಲಿ ಕೂತವನು ಮೇಷ್ಟರು ಬಾಯಿ ತೆರೆಯುವ ಮುನ್ನವೇ ಉತ್ತರ ಹೇಳುವುದನ್ನು ಕಂಡು, ನಾನು ಇಲ್ಲಿಗೆ ಸೇರಿದವಳಲ್ಲ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಮೊದಲು ಆತ್ಮವಿಶ್ವಾಸ ಹೋಗುತ್ತಿತ್ತು, ಅದರ ಹಿಂದೆಯೇ ಆಸಕ್ತಿ. ಮಾರ್ಗೊಲಿಸ್ ಮತ್ತು ಫಿಶರ್ ಕಂಡುಕೊಂಡ ಮುಖ್ಯ ಸಂಗತಿ ಮತ್ತೊಂದಿದೆ: ಸೇರುವಾಗ ಇದ್ದ ಪ್ರೋಗ್ರಾಮಿಂಗ್ ಅನುಭವಕ್ಕೂ ಕೊನೆಗೆ ಗೆಲ್ಲುವುದಕ್ಕೂ ಅಂಥ ಗಟ್ಟಿ ನಂಟಿರಲಿಲ್ಲ. ಅನುಭವವಿಲ್ಲದೆ ಬಂದವರು ಸ್ವಲ್ಪ ಕಾಲ ಕೊಟ್ಟರೆ ಸರಿಸಮ ಬರುತ್ತಿದ್ದರು.

ಇದನ್ನು ತಿಳಿದುಕೊಂಡ ಮೇಲೆ ವಿಶ್ವವಿದ್ಯಾಲಯ ತನ್ನನ್ನು ತಾನು ಬದಲಿಸಿಕೊಂಡಿತು. ಆಗ ಡೀನ್ ಆಗಿದ್ದವರು ಆಂಧ್ರದ ಕಾಟೂರಿನಲ್ಲಿ ಹುಟ್ಟಿದ, ಟ್ಯೂರಿಂಗ್ ಪ್ರಶಸ್ತಿ ಪಡೆದ ರಾಜ್ ರೆಡ್ಡಿ. ಪ್ರವೇಶಕ್ಕೆ ಮುಂಚಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕ ಕಡಿಮೆಯಾಗಿ, ನಾಯಕತ್ವದ ಗುಣ, ವಿಶಾಲ ಆಸಕ್ತಿಗಳಿಗೆ ಬೆಲೆ ಬಂತು. ಅನುಭವಕ್ಕೆ ತಕ್ಕಂತೆ ಮೊದಲ ಕೋರ್ಸಿಗೆ ಬೇರೆ ಬೇರೆ ಬಾಗಿಲು ತೆರೆಯಲಾಯಿತು. ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಶಿಕ್ಷಕರನ್ನು ಬೇಸಿಗೆ ರಜೆಯಲ್ಲಿ ಕರೆಸಿ, ಪ್ರೋಗ್ರಾಮಿಂಗ್ ಜೊತೆಗೆ ಹುಡುಗಿಯರು ತರಗತಿಯಿಂದ ಹೇಗೆ ಜಾರಿಹೋಗುತ್ತಾರೆ ಎಂಬುದನ್ನೂ ಕಲಿಸಲಾಯಿತು. ಪಠ್ಯವನ್ನು ಸುಲಭ ಮಾಡಲಿಲ್ಲ. ಹುಡುಗಿಯರಿಗೆಂದು ಗುಲಾಬಿ ಬಣ್ಣದ ಪಾಠ ಬರೆಯಲಿಲ್ಲ.

ಗಣಿತಜ್ಞೆ ಲೆನೋರ್ ಬ್ಲಮ್ 1999ರಲ್ಲಿ ಅಲ್ಲಿಗೆ ಬಂದು ಬೆಳೆಸಿದ ವಿದ್ಯಾರ್ಥಿನಿಯರ ಸಂಘಟನೆ ಈ ಬದಲಾವಣೆ ಉಳಿಯುವಂತೆ ನೋಡಿಕೊಂಡಿತು. ಹಿರಿಯ ವಿದ್ಯಾರ್ಥಿನಿ ಕಿರಿಯಳ ಜೊತೆ ಅಕ್ಕನಂತೆ ನಿಲ್ಲುವುದು, ಊರಿನ ಶಾಲೆಗಳಿಗೆ ಹೋಗಿ ಮಾತಾಡುವುದು, ಇಡೀ ವಿಭಾಗದ ಕಾರ್ಯಕ್ರಮಗಳನ್ನು ಹುಡುಗಿಯರೇ ಮುಂದೆ ನಿಂತು ನಡೆಸುವುದು ಅದರ ಕೆಲಸ. ಹುಡುಗರಿಗೆ ಸಹಜವಾಗಿ ಸಿಗುವ ಪರಿಚಯ, ಸಲಹೆ, ಮುಂದಾಳತ್ವ ಹುಡುಗಿಯರಿಗೂ ಸಿಗಬೇಕು ಎಂಬುದಷ್ಟೇ ಬ್ಲಮ್ ಅವರ ವಾದ. ಅದೇ ಬ್ಲಮ್ 2018ರಲ್ಲಿ, ತಮ್ಮನ್ನು ನಡೆಸಿಕೊಂಡ ರೀತಿಯಲ್ಲಿ ಲಿಂಗತಾರತಮ್ಯವಿದೆ ಎಂದು ಬಹಿರಂಗವಾಗಿ ಹೇಳಿ ರಾಜೀನಾಮೆ ಕೊಟ್ಟರು. ಮೊದಲ ವರ್ಷದ ತರಗತಿಯನ್ನು ಅಷ್ಟು ಚೆನ್ನಾಗಿ ತಿದ್ದಿಕೊಂಡ ಸಂಸ್ಥೆಯ ಮೇಲಿನ ಮಹಡಿಯಲ್ಲಿ ತಿದ್ದಬೇಕಾದದ್ದು ಇನ್ನೂ ಉಳಿದಿತ್ತು.

ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜಿನ ಕಥೆ ಇನ್ನಷ್ಟು ಸರಳ. 2006ರಲ್ಲಿ ಮರಿಯಾ ಕ್ಲಾವೆ ಅಧ್ಯಕ್ಷೆಯಾಗಿ ಬಂದಾಗ ಅಲ್ಲಿನ ಕಂಪ್ಯೂಟರ್ ವಿಜ್ಞಾನದಲ್ಲಿ ಹುಡುಗಿಯರು ಶೇ 10ರ ಆಸುಪಾಸು. ಅಲ್ಲಿನ ಅಧ್ಯಾಪಕರು ಮೊದಲ ಕೋರ್ಸನ್ನು ಎರಡಾಗಿ ಮಾಡಿದರು: ಎಂದೂ ಪ್ರೋಗ್ರಾಂ ಬರೆಯದವರಿಗೆ ‘ಗೋಲ್ಡ್’, ಬರೆದು ಬಂದವರಿಗೆ ‘ಬ್ಲ್ಯಾಕ್’. ಎರಡೂ ಕಾಲೇಜಿನ ಲಾಂಛನದ ಬಣ್ಣಗಳಾದ್ದರಿಂದ ಯಾವುದೂ ಕೀಳಲ್ಲ. ಜಾವಾ ಬದಲು ಪೈಥಾನ್ ಬಂತು. ವ್ಯಾಕರಣಕ್ಕೆ ತಲೆಕೆಡಿಸಿಕೊಳ್ಳುವುದು ಬಿಟ್ಟು, ಸಮಸ್ಯೆ ಬಿಡಿಸುವುದು ಮುಂದೆ ಬಂತು. ತರಗತಿಯಲ್ಲಿ ಎಲ್ಲಕ್ಕೂ ತಾನೇ ಉತ್ತರಿಸುವ ವಿದ್ಯಾರ್ಥಿಯನ್ನು ಅಧ್ಯಾಪಕರು ಏಕಾಂತದಲ್ಲಿ ಕರೆದು, ನಿನ್ನ ಜೊತೆ ಮಾತಾಡುವುದು ನನಗಿಷ್ಟ, ಆದರೆ ಅದನ್ನು ಕ್ಲಾಸಿನ ಹೊರಗೆ ಮಾಡೋಣ ಎನ್ನುತ್ತಿದ್ದರಂತೆ. ಈ ಒಂದು ಮಾತಿಗೆ ಖರ್ಚಿಲ್ಲ, ಸಮಿತಿ ಬೇಕಿಲ್ಲ. ಐದಾರು ವರ್ಷಗಳಲ್ಲಿ ಹುಡುಗಿಯರ ಪಾಲು ಶೇ 40ಕ್ಕೆ ಏರಿತು. 2016ರಲ್ಲಿ ಅರ್ಧವನ್ನೂ ದಾಟಿತು. ಮೊದಲ ವರ್ಷದ ಹುಡುಗಿಯರನ್ನು ಕಾಲೇಜೇ ಗ್ರೇಸ್ ಹಾಪರ್ ಸಮ್ಮೇಳನಕ್ಕೆ ಕರೆದುಕೊಂಡು ಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ಸಾವಿರಾರು ಹೆಣ್ಣು ಎಂಜಿನಿಯರುಗಳನ್ನು ಒಟ್ಟಿಗೆ ಕಾಣುವುದಕ್ಕೆ ತನ್ನದೇ ಶಕ್ತಿಯಿದೆ. ಆದರೆ ಹಿಂದಿರುಗಿ ಬಂದಾಗ ತರಗತಿಯೂ ಬದಲಾಗಿದ್ದರೆ ಮಾತ್ರ ಆ ಉತ್ಸಾಹ ನಿಲ್ಲುತ್ತದೆ.

ಇವೆರಡೂ ಶ್ರೀಮಂತ ವಿದ್ಯಾಸಂಸ್ಥೆಗಳು, ಹಾರ್ವೆ ಮಡ್ ಅಂತೂ ಸಾವಿರ ವಿದ್ಯಾರ್ಥಿಗಳೂ ಇಲ್ಲದ ಪುಟ್ಟ ಕಾಲೇಜು ಎಂಬ ಆಕ್ಷೇಪ ಸರಿಯೇ. ಅದಕ್ಕಾಗಿಯೇ 2014ರಲ್ಲಿ ಬೋರ್ಗ್ ಸಂಸ್ಥೆ ಹಾರ್ವೆ ಮಡ್ ಜೊತೆ ಸೇರಿ 15 ವಿಶ್ವವಿದ್ಯಾಲಯಗಳಲ್ಲಿ ಇದೇ ಕ್ರಮಗಳನ್ನು ಜಾರಿ ಮಾಡಲು ‘ಬ್ರೇಡ್’ ಎಂಬ ಯೋಜನೆ ಹಾಕಿಕೊಂಡಿತು. ಸಂಶೋಧಕರು ಅದರ ಜೊತೆಗಿದ್ದು ಫಲಿತಾಂಶ ಅಳೆದರು. ಫಲ ಎಲ್ಲ ಕಡೆ ಒಂದೇ ತೆರನಾಗಿರಲಿಲ್ಲ. ಆದರೂ ಆ ಸಂಸ್ಥೆಯ ಕೆಲಸಗಳಲ್ಲಿ ನಾನು ಅತ್ಯಂತ ಗೌರವಿಸುವುದು ಇದನ್ನೇ. ಉದ್ಯೋಗ ಮೇಳದ ಗದ್ದಲದಲ್ಲಿ ಇದರ ಹೆಸರು ಹೆಚ್ಚು ಕೇಳಿಬರದಿರುವುದು ದುರದೃಷ್ಟ.

ಇನ್ನು ನಮ್ಮಲ್ಲಿಗೆ. 2010ರಲ್ಲಿ ಬೆಂಗಳೂರಿನಲ್ಲಿ ಗ್ರೇಸ್ ಹಾಪರ್ ಸಮ್ಮೇಳನದ ಭಾರತೀಯ ಆವೃತ್ತಿ ಶುರುವಾಯಿತು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಅಮೆರಿಕದ ಕಾಯಿಲೆ ನಮ್ಮದಲ್ಲ. ಇಲ್ಲಿ ಕಂಪ್ಯೂಟರ್ ಓದುವವರಲ್ಲಿ ಹುಡುಗಿಯರು ಶೇ 40ಕ್ಕೂ ಹೆಚ್ಚು. ಭಾರತದ ವಿದ್ಯಾರ್ಥಿನಿಯರನ್ನು ಅಧ್ಯಯನ ಮಾಡಿದ ರೋಲಿ ವರ್ಮಾ ಇದರ ಕಾರಣ ತೋರಿಸಿದ್ದಾರೆ: ನೆರಳಲ್ಲಿ ಕೂತು ಮಾಡುವ, ಸುರಕ್ಷಿತವಾದ, ಒಳ್ಳೆಯ ಸಂಬಳದ ಕೆಲಸ ಎಂದು ತಂದೆತಾಯಿಗಳೇ ಮಗಳನ್ನು ಈ ವಿಭಾಗಕ್ಕೆ ಸೇರಿಸುತ್ತಾರೆ. ಗಣಿತ ಹೆಣ್ಣಿಗೆ ಒಗ್ಗದು ಎಂಬ ಮಾತು ಇಲ್ಲಿ ಅಷ್ಟಾಗಿ ಇಲ್ಲ. ನಮ್ಮ ಹುಡುಗಿಯರು ಕೈಬಿಟ್ಟುಹೋಗುವುದು ಆಮೇಲೆ: ಮದುವೆ, ಮೊದಲ ಮಗು, ಗಂಡನ ವರ್ಗಾವಣೆ, ವಯಸ್ಸಾದ ಅತ್ತೆ ಮಾವ. 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ, 50 ಅಥವಾ ಅದಕ್ಕಿಂತ ಹೆಚ್ಚು ಮಂದಿಯಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಾನೂನಿಗೆ ಬಂದವು. ಸಮ್ಮೇಳನಗಳು ಆತ್ಮವಿಶ್ವಾಸದ ಭಾಷಣಕ್ಕಿಂತ ಈ ಕಾನೂನು ಕಂಪನಿಗಳಲ್ಲಿ ಹೇಗೆ ನಡೆಯುತ್ತಿದೆ ಎಂಬ ಲೆಕ್ಕ ಕೇಳಿದ್ದರೆ ಇನ್ನೂ ಹೆಚ್ಚು ಉಪಕಾರವಾಗುತ್ತಿತ್ತು.

ಬಾಗಿಲಲ್ಲೇ ತಡೆಯಿದ್ದದ್ದು ಐಐಟಿಗಳಲ್ಲಿ. ಅಲ್ಲಿ ಹುಡುಗಿಯರು ಶೇ 8ರಷ್ಟಿದ್ದಾಗ, ಟಿಮೊಥಿ ಗೊನ್ಸಾಲ್ವಿಸ್ ಸಮಿತಿಯ ಶಿಫಾರಸಿನಂತೆ 2018ರಿಂದ ಹುಡುಗರ ಸೀಟು ಕಡಿಮೆ ಮಾಡದೆ ಹೆಚ್ಚುವರಿ ಸೀಟು ಸೃಷ್ಟಿಸಿ, ಹಂತ ಹಂತವಾಗಿ ಅವರ ಪಾಲನ್ನು ಶೇ 20ಕ್ಕೆ ತಂದರು. ಮೆರಿಟ್ ಹಾಳಾಯಿತೆಂಬ ಕೂಗು ಎದ್ದಿತು. ಹುಡುಗನನ್ನು ಕೋಟಾ ನಗರಕ್ಕೆ ಕಳಿಸಿ ಎರಡು ವರ್ಷ ಕೋಚಿಂಗ್ ಕೊಡಿಸುವ, ಹುಡುಗಿಯನ್ನು ಊರಲ್ಲೇ ಓದು ಎನ್ನುವ ಮನೆಗಳಿರುವ ದೇಶದಲ್ಲಿ ಆ ಕೂಗಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಹಾಗಾದರೆ ನಮ್ಮ ಸಾಮಾನ್ಯ ಎಂಜಿನಿಯರಿಂಗ್ ಕಾಲೇಜುಗಳ ತರಗತಿಯಲ್ಲಿ ತಿದ್ದಲು ಏನೂ ಇಲ್ಲವೇ? ಇದೆ. ಮೊದಲ ವರ್ಷದ ಲ್ಯಾಬಿಗೆ ಹೋಗಿ ನೋಡಿ. ಬೆಂಗಳೂರಿನ ಪಿಯು ಕಾಲೇಜಿನಲ್ಲಿ ಪಿಸಿಎಂಸಿ ತೆಗೆದುಕೊಂಡು ಎರಡು ವರ್ಷ ಪ್ರೋಗ್ರಾಂ ಬರೆದು ಬಂದವನೂ, ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಪಿಸಿಎಂಬಿ ಓದಿ, ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಕಲಿತು ಬಂದವಳೂ ಒಂದೇ ಬ್ಯಾಚಿನಲ್ಲಿ, ಎಷ್ಟೋ ಕಡೆ ಒಂದೇ ಕಂಪ್ಯೂಟರಿನ ಮುಂದೆ. ಅವನ ಕೈ ಕೀಬೋರ್ಡಿನ ಮೇಲೆ. ಅವಳು ಅಬ್ಸರ್ವೇಷನ್ ಪುಸ್ತಕದಲ್ಲಿ ಔಟ್‌ಪುಟ್ ಬರೆದುಕೊಳ್ಳುತ್ತಿರುತ್ತಾಳೆ. ಅವಳ ಅಕ್ಷರ ಮುದ್ದಾಗಿದೆಯೆಂದು ಇಬ್ಬರ ರೆಕಾರ್ಡೂ ಅವಳ ಪಾಲಿಗೇ ಬರುತ್ತದೆ. ಪರೀಕ್ಷೆಗೆ ಹತ್ತು ಹನ್ನೆರಡು ಪ್ರೋಗ್ರಾಂ ಬಾಯಿಪಾಠ ಮಾಡಿ, ಎಕ್ಸ್‌ಟರ್ನಲ್ ಎದುರು ವೈವಾದಲ್ಲಿ ತಡವರಿಸಿ, ಪಾಸಾಗುತ್ತಾಳೆ, ಒಳ್ಳೆಯ ಅಂಕವನ್ನೂ ತೆಗೆಯುತ್ತಾಳೆ. ಸಂಖ್ಯೆಯಲ್ಲಿ ಅವಳು ಆ ಶೇ 40ರೊಳಗೆ ಸೇರಿಕೊಂಡಿದ್ದಾಳೆ. ಆದರೆ ತಾನೇ ಬರೆದ ಪ್ರೋಗ್ರಾಂ ತಪ್ಪಾಗಿ, ತಾನೇ ಹುಡುಕಿ ಸರಿಮಾಡಿದ ಸಂತೋಷ ಅವಳಿಗೆ ಸಿಕ್ಕಿಲ್ಲ. ಸಂಜೆ ಉಳಿದು ಕಲಿಯೋಣವೆಂದರೆ ಹಾಸ್ಟೆಲ್ ಗೇಟು ಮುಚ್ಚುವ ಹೊತ್ತು ಹುಡುಗರಿಗಿಂತ ಮೊದಲು. ನಾಲ್ಕನೇ ವರ್ಷ ಕ್ಯಾಂಪಸ್ ಸಂದರ್ಶನದಲ್ಲಿ ಕೋಡ್ ಬರೆಯಲು ಹೇಳಿದಾಗ ಈ ಅಂತರ ಹೊರಗೆ ಬರುತ್ತದೆ. ಆಗ ಎಲ್ಲರೂ ಅವಳಿಗೆ ಧೈರ್ಯ ಸಾಲದು ಎನ್ನುತ್ತಾರೆ.

ಅನೇಕ ಕಾಲೇಜುಗಳಲ್ಲಿ ಈಗ ಮಹಿಳಾ ತಂತ್ರಜ್ಞಾನ ಘಟಕಗಳಿವೆ. ಮಾರ್ಚ್ 8ಕ್ಕೆ ಕಂಪನಿಯಿಂದ ಬಂದ ಅತಿಥಿಯ ಭಾಷಣ, ಒಂದು ಹ್ಯಾಕಥಾನ್, ಪ್ರಮಾಣಪತ್ರ ನಡೆಯುತ್ತವೆ. ಅದನ್ನು ನಡೆಸುವ ಅಧ್ಯಾಪಕಿಯರ ಕಾಳಜಿ ನಿಜವಾದದ್ದು. ಆ ಕಾಳಜಿಯನ್ನು ಸೆಪ್ಟೆಂಬರಿನ ಲ್ಯಾಬಿನತ್ತ ತಿರುಗಿಸಬೇಕು ಎಂಬುದು ನನ್ನ ಕೋರಿಕೆ. ಸಿಇಟಿ ಸೀಟು ಹಂಚಿಕೆ ಮುಗಿದು ಮೊದಲ ಸೆಮಿಸ್ಟರ್ ಶುರುವಾಗುವ ವಾರದಲ್ಲಿ ವಿಭಾಗದ ಮುಖ್ಯಸ್ಥರು ಪ್ರತಿ ವಿದ್ಯಾರ್ಥಿಯನ್ನೂ ಒಂದೇ ಪ್ರಶ್ನೆ ಕೇಳಲಿ: ನೀನು ಈ ಮುಂಚೆ ಪ್ರೋಗ್ರಾಂ ಬರೆದಿದ್ದೀಯಾ? ಇಲ್ಲ ಎಂದವರಿಗೆಲ್ಲ, ಹುಡುಗ ಹುಡುಗಿ ಎನ್ನದೆ, ಒಂದು ಸೆಮಿಸ್ಟರ್ ಪ್ರತ್ಯೇಕ ಲ್ಯಾಬ್ ಬ್ಯಾಚ್ ಮಾಡಿ. ಒಬ್ಬರಿಗೆ ಒಂದು ಕಂಪ್ಯೂಟರ್ ಕೊಡಿ, ಕನ್ನಡದಲ್ಲಿ ಅನುಮಾನ ಕೇಳಲು ಬಿಡಿ. ಪಠ್ಯಕ್ರಮ ಬದಲಿಸಬೇಕಿಲ್ಲ, ವಿಶ್ವವಿದ್ಯಾಲಯದ ಒಪ್ಪಿಗೆಗೆ ಕಾಯಬೇಕಿಲ್ಲ, ಯಾವ ಕಂಪನಿಯ ದುಡ್ಡೂ ಬೇಕಿಲ್ಲ. ಟೈಮ್‌ಟೇಬಲ್ ಹಾಕುವವರು ಮನಸ್ಸು ಮಾಡಿದರೆ ಬರುವ ಸೆಮಿಸ್ಟರಿನಲ್ಲೇ ಆಗುವ ಕೆಲಸ ಇದು.